ಒಂದು ಬುಡ್ಡಿ ಉಪ್ಪುನೀರು

ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯ ಸಮೀಪದ ರಸ್ತೆಯಲ್ಲಿ ಒಬ್ಬಾತ ಮೋಟಾರ್ ಸೈಕಲ್ಲಿನಿಂದ ಉರುಳಿಬಿದ್ದನೆಂದು ಭಾವಿಸಿರಿ. ಹೊತ್ತು ಮುಳುಗುವ ಸಮಯ. ತಗುಲಿದ ಲಾರಿ ನಿಲ್ಲದೆ ಹೊರಟುಹೋಗಿದೆ. ತೊಡೆಯ ಎಲುಬು ಮುರಿದಿದೆ. ಹೊಟ್ಟೆಗೂ ಬಲವಾದ ಪೆಟ್ಟು. ಆದರೆ ಮೈಮೇಲೆ ಹೇಳಿಕೊಳ್ಳುವಂಥ ಗಾಯ ಯಾವುದೂ ಕಾಣುತ್ತಿಲ್ಲ. ಹೊಲದಿಂದ ಓಡಿಬಂದವರು ‘ಪುಣ್ಯಕ್ಕೆ ರಕ್ತ ಹೋಗಿಲ್ಲ’ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಆತ ಮಾತನಾಡುತ್ತಲೂ ಇದ್ದಾನೆ. ಆದರೆ ಮುಖ ಬಿಳಿಚಿಕೊಂಡಿದೆ. ಹಣೆಯಲ್ಲಿ ತಣ್ಣನೆಯ ಬೆವರು. ಮಣಿಕಟ್ಟಿನ ನಾಡಿ ದಾರದ ಎಳೆಯಂತೆ ತೆಳುವಾಗಿ, ಬಿರುಸಾಗಿ ಓಡುತ್ತಿದೆ. ಕಾಲು ಗಂಟೆ ಕಳೆಯುವಷ್ಟರಲ್ಲಿ ಮಾತು ತೊದಲತೊಡಗುತ್ತದೆ.

ವೈದ್ಯರು ಈ ಸ್ಥಿತಿಯನ್ನು ‘ಶಾಕ್’ ಎಂದು ಕರೆಯುತ್ತಾರೆ. ಬೆಚ್ಚಿಬೀಳುವುದಕ್ಕೂ ವಿದ್ಯುತ್ತಿನ ಹೊಡೆತಕ್ಕೂ ಇದೇ ಮಾತನ್ನು ನಾವು ಬಳಸುವುದರಿಂದ ಅರ್ಥ ಕೆಟ್ಟಿದೆ. ಇಲ್ಲಿ ಶಾಕ್ ಎಂದರೆ ದೇಹದ ಅಂಗಾಂಗಗಳಿಗೆ ಸಾಕಾದಷ್ಟು ರಕ್ತ ತಲುಪದೆ ಅವು ಉಸಿರುಗಟ್ಟುವ ಅವಸ್ಥೆ. ವಯಸ್ಕನ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದರಲ್ಲಿ ಒಂದೂವರೆ ಎರಡು ಲೀಟರ್ ಹೊರಬಿದ್ದರೆ ಹೃದಯ ಎಷ್ಟು ಬಡಿದುಕೊಂಡರೂ ಒತ್ತಡ ನಿಲ್ಲುವುದಿಲ್ಲ. ಮುರಿದ ತೊಡೆಯೊಂದೇ ಒಂದು ಲೀಟರಿಗೂ ಮಿಗಿಲಾದ ರಕ್ತವನ್ನು, ಹೊರಗೆ ಒಂದು ಹನಿಯನ್ನೂ ತೋರದೆ, ತನ್ನ ಮಾಂಸದೊಳಗೆ ಹುದುಗಿಸಿಕೊಳ್ಳಬಲ್ಲುದು. ಹೊಟ್ಟೆಯಂತೂ ಇನ್ನೂ ದೊಡ್ಡ ಹಗೇವು.

ಬಡವನಹಳ್ಳಿಯಲ್ಲಿ ಬಿದ್ದವನ ಮುಂದಿರುವ ದಾರಿಯನ್ನು ನೋಡಿರಿ. ಮೊದಲು ಮಧುಗಿರಿಯ ಸರ್ಕಾರಿ ಆಸ್ಪತ್ರೆ. ಅಲ್ಲಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಸುಮಾರು 43 ಕಿಲೋಮೀಟರ್. ತಲೆಗೂ ಪೆಟ್ಟಾಗಿದ್ದರೆ ಮುಂದೆ ಬೆಂಗಳೂರಿಗೆ ಇನ್ನೊಂದು 70. ಈ ಸೀಮೆಯ ಜನಕ್ಕೆ ಈ ದಾರಿ ಅಪರಿಚಿತವಲ್ಲ. 2022ರ ಮಾರ್ಚ್ 19ರಂದು ಪಾವಗಡ ತಾಲ್ಲೂಕಿನ ಪಳವಳ್ಳಿ ಕಟ್ಟೆಯ ಬಳಿ ಕಿಕ್ಕಿರಿದ ಖಾಸಗಿ ಬಸ್ಸೊಂದು ಮಗುಚಿ, ವಿದ್ಯಾರ್ಥಿಗಳೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ಅದೇ ವರ್ಷದ ಆಗಸ್ಟ್ 25ರಂದು ಸಿರಾ ತಾಲ್ಲೂಕಿನ ಹೆದ್ದಾರಿಯಲ್ಲಿ ಜೀಪಿಗೂ ಲಾರಿಗೂ ಡಿಕ್ಕಿಯಾಗಿ, ರಾಯಚೂರು ಸೀಮೆಯಿಂದ ಕೂಲಿಗಾಗಿ ಬೆಂಗಳೂರಿಗೆ ಹೊರಟಿದ್ದ 9 ಮಂದಿ ಸತ್ತರು. 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108ರ ಆಂಬುಲೆನ್ಸ್ ದಾರಿಯ ಹೊತ್ತನ್ನು ಮೊಟಕುಗೊಳಿಸಿತು, ನಿಜ. ಆದರೆ ದೂರವನ್ನು ಯಾರೂ ಅಳಿಸಲಾರರು.

ಈ ದೂರವನ್ನು ರೋಗಿ ಜೀವಸಹಿತ ದಾಟುವಂತೆ ಮಾಡುವ ಒಂದು ದ್ರವವಿದ್ದರೆ? ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಬುಡ್ಡಿ, ಐಸಿನ ಪೆಟ್ಟಿಗೆ ಬೇಡ, ರಕ್ತದ ಗುಂಪನ್ನು ಹೊಂದಿಸುವ ಗೊಡವೆಯಿಲ್ಲ, ಕೆಲವೇ ನಿಮಿಷಗಳಲ್ಲಿ ಏರಿಸಿಬಿಡಬಹುದು, ಬೆಲೆಯೋ ಅತ್ಯಲ್ಪ. ಇಂಥದೊಂದು ದ್ರವ ದೊರೆತೇಬಿಟ್ಟಿತೆಂದು ವೈದ್ಯಪ್ರಪಂಚ ಮೂವತ್ತು ವರ್ಷ ಆಸೆಪಟ್ಟಿತು. ಆ ದ್ರವ ಬೇರೇನೂ ಅಲ್ಲ, ಗಾಢವಾದ ಉಪ್ಪುನೀರು.

ಅದರ ಗುಟ್ಟನ್ನು ನಮ್ಮ ಗೃಹಿಣಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಮಾವಿನಕಾಯಿ ಹೋಳುಗಳಿಗೆ ಕಲ್ಲುಪ್ಪು ಬೆರೆಸಿ ಜಾಡಿಯಲ್ಲಿ ತುಂಬಿಟ್ಟರೆ, ಒಂದು ಹನಿ ನೀರನ್ನೂ ಹಾಕದಿದ್ದರೂ, ಮರುದಿನ ಬೆಳಿಗ್ಗೆ ಜಾಡಿಯಲ್ಲಿ ರಸ ನಿಂತಿರುತ್ತದೆ. ಹೋಳು ಸುಕ್ಕಿರುತ್ತದೆ. ಹೊರಗಿನ ಉಪ್ಪು ಹೋಳಿನೊಳಗಿನ ನೀರನ್ನು ಸೆಳೆದುಕೊಂಡಿದೆ, ಅಷ್ಟೆ. ದೇಹದಲ್ಲಿಯೂ ಇದೇ ನಡೆಯುತ್ತದೆ. ಮನುಷ್ಯನ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ನೀರು. ಅದರ ಮೂರರಲ್ಲಿ ಎರಡು ಪಾಲು ಜೀವಕೋಶಗಳ ಒಳಗೆ ಅಡಗಿದೆ. ರಕ್ತನಾಳಗಳಲ್ಲಿ ಹರಿಯುವುದು ಅತಿ ಸಣ್ಣ ಪಾಲು. ರಕ್ತ ಸೋರಿಹೋಗಿ ನಾಳಗಳು ಬತ್ತಿದವನ ಮೈಯಲ್ಲಿಯೇ, ಕೋಶಗಳ ಕೆರೆಗಳಲ್ಲಿ, ಇಪ್ಪತ್ತಕ್ಕೂ ಹೆಚ್ಚು ಲೀಟರ್ ನೀರು ಉಳಿದಿರುತ್ತದೆ. ನಾಳಕ್ಕೆ ಉಪ್ಪನ್ನು ಬಿಟ್ಟರೆ ಆ ನೀರು ತಾನಾಗಿ ಹರಿದುಬರಬೇಡವೆ? ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆ ರಕ್ತಕ್ಕೂ ಸಲ್ಲುತ್ತದೆ.

ಆಸ್ಪತ್ರೆಗಳಲ್ಲಿ ಕಂಬಕ್ಕೆ ತೂಗುಹಾಕುವ ಸಾಮಾನ್ಯ ಸಲೈನಿನಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ. ಇದು ರಕ್ತದ ಸಾಂದ್ರತೆಗೆ ಸರಿಸುಮಾರು ಸಮಾನ. ಆದ್ದರಿಂದ ಅದು ಯಾವ ನೀರನ್ನೂ ಸೆಳೆಯದು. ಬದಲಾಗಿ ತಾನೇ ನಾಳಗಳಿಂದ ಹೊರಗೆ ಜಿನುಗುತ್ತದೆ. ಒಂದು ಲೀಟರ್ ಕೊಟ್ಟರೆ ಸ್ವಲ್ಪ ಹೊತ್ತಿನ ಮೇಲೆ ನಾಳಗಳಲ್ಲಿ ಉಳಿಯುವುದು ಕಾಲು ಭಾಗ ಮಾತ್ರ. ಗಾಢ ದ್ರಾವಣದಲ್ಲಾದರೋ ಲೀಟರಿಗೆ 75 ಗ್ರಾಂ ಉಪ್ಪು. ಸಮುದ್ರದ ನೀರಿಗಿಂತ ಎರಡರಷ್ಟು ಹೆಚ್ಚು. ರೋಗಿಗೆ ಕೊಡುವ ಪ್ರಮಾಣ 250 ಮಿಲಿಲೀಟರ್, ಅಂದರೆ ಸುಮಾರು ಮೂರು ಚಮಚೆ ಉಪ್ಪು. ಇದು ಒಳಹೊಕ್ಕ ಕೆಲವೇ ನಿಮಿಷಗಳಲ್ಲಿ ತನ್ನ ಗಾತ್ರದ ಹಲವು ಪಟ್ಟು ನೀರನ್ನು ನಾಳಗಳಿಗೆ ಎಳೆದುತರುತ್ತದೆ. ಇಳಿದ ಒತ್ತಡ ಏರುತ್ತದೆ, ನಾಡಿ ತುಂಬುತ್ತದೆ.

ಉಪ್ಪುನೀರನ್ನು ನಾಳಕ್ಕೆ ಬಿಡುವ ವಿದ್ಯೆ ಹುಟ್ಟಿದ್ದು ಗಾಯಾಳುಗಳಿಗಾಗಿ ಅಲ್ಲ, ಕಾಲರಾ ರೋಗಿಗಳಿಗಾಗಿ. ಬಂಗಾಳದಿಂದ ಹೊರಟು ದೇಶದೇಶಗಳನ್ನು ಸುತ್ತಿದ ಆ ಮಾರಿ 1831ರಲ್ಲಿ ಇಂಗ್ಲೆಂಡನ್ನು ತಲುಪಿದಾಗ, ಓ'ಶಾಘ್ನೆಸಿ ಎಂಬ ತರುಣ ವೈದ್ಯನು ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದು ನೀರನ್ನೂ ಲವಣಗಳನ್ನೂ ಕಳೆದುಕೊಂಡು ಗಟ್ಟಿಯಾಗಿದೆಯೆಂದು ತೋರಿಸಿದನು. (ಇದೇ ಓ'ಶಾಘ್ನೆಸಿ ಮುಂದೆ ಕಲ್ಕತ್ತೆಗೆ ಬಂದು ಭಾರತದಲ್ಲಿ ತಂತಿಯ ವ್ಯವಸ್ಥೆಯನ್ನು ಸ್ಥಾಪಿಸಿದನೆಂಬುದು ಬೇರೆಯೇ ಕತೆ.) ಆ ಮಾತನ್ನು ಓದಿದ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ಥಾಮಸ್ ಲಾಟ್ಟಾ 1832ರಲ್ಲಿ ಸಾವಿನ ಅಂಚಿನಲ್ಲಿದ್ದ ಒಬ್ಬ ವೃದ್ಧೆಯ ತೋಳಿನ ನಾಳಕ್ಕೆ ಉಪ್ಪುನೀರನ್ನು ಹರಿಸಿದನು. ಗುಳಿಬಿದ್ದ ಕಣ್ಣು ಬೆಳಗಿತು, ನಿಂತಿದ್ದ ನಾಡಿ ಮರಳಿತು, ಆಕೆ ಮಾತನಾಡಿದಳು. ಅರ್ಧ ಗಂಟೆಯಲ್ಲಿ ಮೂರು ಲೀಟರಿಗೂ ಮಿಕ್ಕು ದ್ರವ ಒಳಹೋಗಿತ್ತು. ಇನ್ನು ಭಯವಿಲ್ಲವೆಂದು ಲಾಟ್ಟಾ ಆಕೆಯನ್ನು ಸಹಾಯಕ ವೈದ್ಯನ ವಶಕ್ಕೆ ಬಿಟ್ಟು ಹೊರಟನು. ವಾಂತಿ ಭೇದಿ ಮತ್ತೆ ತೊಡಗಿದವು. ಮತ್ತೆ ದ್ರವ ಕೊಡಲು ಯಾರೂ ಮುಂದಾಗಲಿಲ್ಲ. ಐದೂವರೆ ಗಂಟೆಗಳ ಮೇಲೆ ಆಕೆ ತೀರಿಕೊಂಡಳು. ಎದ್ದು ಕುಳಿತ ರೋಗಿಯೆಲ್ಲ ಬದುಕಿದ ರೋಗಿಯಲ್ಲವೆಂಬ ಮಾತು ಈ ಶಾಸ್ತ್ರದ ಮೊದಲ ಪುಟದಲ್ಲಿಯೇ ಬರೆದಿದೆ. ಅದನ್ನು ಜನ ಮರೆತದ್ದು ಒಂದೇ ಸಲವಲ್ಲ.

ಉಪ್ಪಿನ ಪ್ರಮಾಣವನ್ನು ಬೇಕೆಂದೇ ಹೆಚ್ಚಿಸಿ ನೋಡಿದ ಕೀರ್ತಿ ನಮ್ಮ ದೇಶದ ನೆಲಕ್ಕೇ ಸಲ್ಲಬೇಕು. ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದ ಲಿಯೊನಾರ್ಡ್ ರೋಜರ್ಸ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಾಲರಾ ರೋಗಿಗಳಿಗೆ ಸಾಮಾನ್ಯಕ್ಕಿಂತ ಸುಮಾರು ಒಂದೂವರೆ ಪಟ್ಟು ಗಾಢವಾದ ಉಪ್ಪುನೀರನ್ನು ಕೊಡತೊಡಗಿದನು. ಎಷ್ಟು ಕೊಡಬೇಕೆಂಬುದನ್ನು ಊಹೆಗೆ ಬಿಡದೆ, ಗ್ಲಿಸರಿನ್ ಬೆರೆಸಿದ ನೀರಿನ ಸಾಲು ಬುಡ್ಡಿಗಳಲ್ಲಿ ರೋಗಿಯ ರಕ್ತದ ಹನಿಯನ್ನು ತೇಲಿಬಿಟ್ಟು, ಅದು ತೇಲುವುದೋ ಮುಳುಗುವುದೋ ನೋಡಿ ರಕ್ತದ ಗಟ್ಟಿತನವನ್ನು ಅಳೆದನು. ಎಂಥ ಬಡ ಆಸ್ಪತ್ರೆಗೂ ಎಟುಕುವ ಉಪಾಯ! ಅವನ ವಾರ್ಡುಗಳಲ್ಲಿ ನೂರಕ್ಕೆ 60ರ ಆಸುಪಾಸಿನಲ್ಲಿದ್ದ ಸಾವು ಅದರ ಅರ್ಧದಷ್ಟಕ್ಕೆ ಇಳಿಯಿತು.

ಕಾಲರಾದಲ್ಲಿ ಗೆದ್ದ ಉಪ್ಪು ರಕ್ತಸ್ರಾವದಲ್ಲಿಯೂ ಗೆಲ್ಲುವುದೇ? ಕಾಲರಾ ರೋಗಿ ಕಳೆದುಕೊಳ್ಳುವುದು ನೀರನ್ನು ಮತ್ತು ಉಪ್ಪನ್ನು. ನಾವು ಕೊಡುವುದೂ ಅವನ್ನೇ. ಲಾರಿಗೆ ಸಿಕ್ಕವನು ಕಳೆದುಕೊಳ್ಳುವುದು ರಕ್ತವನ್ನು. ಈ ವ್ಯತ್ಯಾಸ ಎಲ್ಲರಿಗೂ ಗೊತ್ತಿತ್ತು. ಆದರೂ 1980ರಲ್ಲಿ ಬ್ರೆಜಿಲಿನಿಂದ ಬಂದ ವಾರ್ತೆ ಎಂಥವರನ್ನೂ ಮರುಳುಗೊಳಿಸುವಂತಿತ್ತು. ಇರಿನೆಯು ವೆಲಾಸ್ಕೊ, ಮೌರಿಸಿಯೊ ರೋಶಾ ಇ ಸಿಲ್ವಾ ಮತ್ತವರ ಸಂಗಡಿಗರು ನಾಯಿಗಳ ರಕ್ತವನ್ನು ಮರಣಾಂತಿಕ ಮಟ್ಟದವರೆಗೆ ತೆಗೆದು, ಹೋದ ರಕ್ತದ ಹತ್ತನೆಯ ಒಂದು ಭಾಗದಷ್ಟು ಮಾತ್ರ ಗಾಢ ಉಪ್ಪುನೀರನ್ನು ಕೊಟ್ಟರು. ನಾಯಿಗಳೆಲ್ಲ ಬದುಕಿದವು. ಅಷ್ಟೇ ಅಳತೆಯ ಸಾಮಾನ್ಯ ಸಲೈನ್ ಪಡೆದ ನಾಯಿಗಳೆಲ್ಲ ಸತ್ತವು. ಅದೇ ವರ್ಷ, ಬೇರೆ ಯಾವ ಚಿಕಿತ್ಸೆಗೂ ಜಗ್ಗದೆ ಶಾಕಿನಲ್ಲಿದ್ದ 12 ಮಂದಿ ರೋಗಿಗಳಿಗೆ ಅಲ್ಲಿನ ವೈದ್ಯರು ಇದೇ ದ್ರಾವಣವನ್ನು ಕೊಟ್ಟು, ಹೆಚ್ಚಿನವರು ಚೇತರಿಸಿಕೊಂಡರೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು.

ಅಲ್ಲಿಂದ ಮುಂದೆ ಇದರ ಮೆರವಣಿಗೆ. ಸೈನ್ಯಗಳು ಮೊದಲು ಕಣ್ಣುಹಾಕಿದವು. ಬೆನ್ನ ಚೀಲದಲ್ಲಿ ನೀರಿನ ಬುಡ್ಡಿಗಳನ್ನು ಹೊರಬೇಕಾದ ಸಿಪಾಯಿಗೆ ಕಾಲು ಲೀಟರಿಗೂ ಎರಡು ಲೀಟರಿಗೂ ಇರುವ ಅಂತರ ಸಾಮಾನ್ಯವಲ್ಲವಷ್ಟೆ. 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದರ ತಜ್ಞಸಮಿತಿ ಯುದ್ಧಭೂಮಿಯ ಗಾಯಾಳುಗಳಿಗೆ 250 ಮಿಲಿಲೀಟರ್ ಗಾಢ ಉಪ್ಪುನೀರೇ ಮೊದಲ ದ್ರವವಾಗಲೆಂದು ಸಲಹೆಮಾಡಿತು. ಉಪ್ಪು ಬೇಗ ನಾಳದಿಂದ ಹೊರಗೆ ಹರಡಿಹೋಗುವುದರಿಂದ, ಅದನ್ನು ಹಿಡಿದಿಡಲು ಡೆಕ್ಸ್ಟ್ರಾನ್ ಎಂಬ ಅಂಟುದ್ರವ್ಯವನ್ನು ಬೆರೆಸುವ ಪದ್ಧತಿಯೂ ಬಂದಿತು.

ಆದರೆ ಶಾಸ್ತ್ರದ ತಕ್ಕಡಿ ನಿಷ್ಠುರ. 2006ರಲ್ಲಿ ಅಮೆರಿಕ ಮತ್ತು ಕೆನಡಾದ ಹಲವು ನಗರಗಳ ಆಂಬುಲೆನ್ಸುಗಳಲ್ಲಿ ಒಂದು ದೊಡ್ಡ ಪರೀಕ್ಷೆ ಪ್ರಾರಂಭವಾಯಿತು. ಒಂದೇ ಬಗೆಯ ಚೀಲಗಳು. ಕೆಲವರಲ್ಲಿ ಗಾಢ ಉಪ್ಪುನೀರು, ಕೆಲವರಲ್ಲಿ ಡೆಕ್ಸ್ಟ್ರಾನ್ ಬೆರೆತ ಗಾಢ ಉಪ್ಪುನೀರು, ಉಳಿದವರಲ್ಲಿ ಸಾಮಾನ್ಯ ಸಲೈನ್. ಯಾವ ಚೀಲದಲ್ಲಿ ಏನಿದೆಯೆಂಬುದು ಕೊಡುವವನಿಗೂ ತಿಳಿಯದು. ಶಾಕಿನಲ್ಲಿದ್ದ 853 ಗಾಯಾಳುಗಳ ಲೆಕ್ಕ ಸಿಕ್ಕಿತು. 28 ದಿನಗಳ ಮೇಲೆ ಬದುಕಿದ್ದವರೆಷ್ಟು? ಮೂರು ಗುಂಪುಗಳಲ್ಲಿಯೂ ನೂರಕ್ಕೆ 73ರಿಂದ 75ರ ಒಳಗೆ. ಯಾವ ಅಂತರವೂ ಇಲ್ಲ. ಇನ್ನು ಮುಂದುವರಿಸಿ ಪ್ರಯೋಜನವಿಲ್ಲವೆಂದು 2008ರಲ್ಲಿಯೇ ಆ ಪರೀಕ್ಷೆಯನ್ನು ನಿಲ್ಲಿಸಲಾಯಿತು. ತಲೆಗೆ ಪೆಟ್ಟಾದ 1282 ಮಂದಿಯ ಇನ್ನೊಂದು ಗುಂಪಿನಲ್ಲಿ ಆರು ತಿಂಗಳ ಮೇಲೆ ನೋಡಿದಾಗಲೂ ಫಲ ಅಷ್ಟೆ. ಅದಕ್ಕೂ ಮೊದಲು 2004ರಲ್ಲಿ ಆಸ್ಟ್ರೇಲಿಯದಿಂದ ಪ್ರಕಟವಾದ, 229 ರೋಗಿಗಳ ಪರೀಕ್ಷೆ ಇದೇ ಮಾತನ್ನು ಹೇಳಿತ್ತು.

ನಾಯಿಗಳನ್ನು ಬದುಕಿಸಿದ ಉಪ್ಪು ಮನುಷ್ಯರನ್ನು ಏಕೆ ಬದುಕಿಸಲಿಲ್ಲ? ಸುಳ್ಳು ಯಾರೂ ಹೇಳಿರಲಿಲ್ಲ. ಪ್ರಯೋಗಶಾಲೆಯಲ್ಲಿ ವೈದ್ಯನು ರಕ್ತವನ್ನು ತೆಗೆದ ಬಳಿಕ ನಲ್ಲಿಯನ್ನು ಕಟ್ಟಿಬಿಟ್ಟಿದ್ದನು. ರಸ್ತೆಯಲ್ಲಿ ಬಿದ್ದವನ ಹೊಟ್ಟೆಯೊಳಗೆ ನಲ್ಲಿ ಇನ್ನೂ ತೆರೆದಿದೆ. ತೂತಾದ ಕೊಡಕ್ಕೆ ಬಿರುಸಾಗಿ ನೀರು ಹೊಯ್ದರೆ ತೂತಿನಿಂದ ಬೀಳುವ ಧಾರೆಯೂ ಬಿರುಸಾಗುತ್ತದೆ. ಒತ್ತಡ ಇಳಿದಾಗ ದೇಹ ತಾನೇ ಒಂದು ಉಪಾಯ ಹೂಡಿರುತ್ತದೆ: ಹರಿದ ನಾಳದ ಬಾಯಿಗೆ ಹೆಪ್ಪುಗಟ್ಟಿದ ರಕ್ತದ ಬಿರಡೆ ಇಟ್ಟಿರುತ್ತದೆ. ಒತ್ತಡವನ್ನು ಹಠಾತ್ತನೆ ಏರಿಸಿದರೆ ಆ ಬಿರಡೆ ಕಳಚಬಹುದು. ಸಾಲದುದಕ್ಕೆ, ಹೆಪ್ಪುಗಟ್ಟಿಸುವ ದ್ರವ್ಯಗಳು ನೀರು ಬೆರೆತು ತೆಳುವಾಗುತ್ತವೆ. 1994ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ, ಗುಂಡು ತಗುಲಿದ ಅಥವಾ ಇರಿತಕ್ಕೊಳಗಾದ 598 ಮಂದಿಯಲ್ಲಿ ಕೆಲವರಿಗೆ ದಾರಿಯಲ್ಲಿಯೇ ದ್ರವ ಕೊಟ್ಟು, ಕೆಲವರಿಗೆ ಶಸ್ತ್ರಚಿಕಿತ್ಸೆಯವರೆಗೆ ತಡೆಹಿಡಿದು ನೋಡಿದಾಗ, ತಡೆಹಿಡಿದವರಲ್ಲಿಯೇ ಹೆಚ್ಚು ಜನ ಬದುಕಿದರು: ನೂರಕ್ಕೆ 62ರ ಎದುರಿಗೆ 70.

ಅಮೆರಿಕದ ಪರೀಕ್ಷೆಯಲ್ಲಿ ಇನ್ನೊಂದು ಸೂಕ್ಷ್ಮ ಸಂಗತಿ ಹೊರಬಿದ್ದಿತು. ಮೊದಲ 24 ಗಂಟೆಗಳಲ್ಲಿ ರಕ್ತ ಪಡೆಯದಿದ್ದವರಲ್ಲಿ, ಗಾಢ ಉಪ್ಪುನೀರು ಪಡೆದವರೇ ಹೆಚ್ಚಾಗಿ ಸತ್ತಿದ್ದರು. ಇದಕ್ಕೆ ಸಂಶೋಧಕರು ಸೂಚಿಸಿದ ಒಂದು ವಿವರಣೆ ಮನಸ್ಸನ್ನು ಕಲಕುವಂಥದು. ಉಪ್ಪುನೀರು ಒತ್ತಡವನ್ನು ಏರಿಸಿಬಿಟ್ಟಿದ್ದರಿಂದ ಆಸ್ಪತ್ರೆಯ ಬಾಗಿಲಿಗೆ ಬಂದ ರೋಗಿ ಕ್ಷೇಮವಾಗಿರುವಂತೆ ಕಂಡಿರಬೇಕು. ಅವನೊಳಗೆ ರಕ್ತ ಸೋರುತ್ತಿರುವುದು ವೈದ್ಯರ ಗಮನಕ್ಕೆ ತಡವಾಗಿ ಬಂದಿರಬೇಕು. ಔಷಧ ರೋಗವನ್ನಲ್ಲ, ರೋಗದ ಲಕ್ಷಣವನ್ನು ಗುಣಪಡಿಸಿತ್ತು! ಲೀತಿನ ವೃದ್ಧೆಯನ್ನು ಬಿಟ್ಟು ಹೊರಟ ಲಾಟ್ಟಾನ ನೆನಪು ಇಲ್ಲಿ ಬಾರದಿರದು.

ಹಾಗಾದರೆ ಗಾಯಾಳುವಿಗೆ ಬೇಕಾದುದೇನು? ಸೋರುವುದನ್ನು ನಿಲ್ಲಿಸುವ ಕೈ, ಮತ್ತು ರಕ್ತಕ್ಕೆ ಬದಲು ರಕ್ತ. ಈಗಿನ ವೈದ್ಯರು ನೀರನ್ನು ಮಿತವಾಗಿ ಕೊಟ್ಟು, ರಕ್ತವನ್ನೂ ಅದರ ದ್ರವಭಾಗವಾದ ಪ್ಲಾಸ್ಮಾವನ್ನೂ ಆದಷ್ಟು ಬೇಗ ಕೊಡುತ್ತಾರೆ. ಕೂಡಲೆ ಶಸ್ತ್ರಚಿಕಿತ್ಸೆಗೆ ಒಯ್ಯುತ್ತಾರೆ. ಸಣ್ಣ ಬುಡ್ಡಿಯ ಆಸೆ ಮಾತ್ರ ಪೂರ್ತಿ ಹುಸಿಯಾಗಲಿಲ್ಲವೆನ್ನಬೇಕು. ಗಾಢ ಉಪ್ಪುನೀರಿನ ಸೋಲು ಅಚ್ಚಾಗುತ್ತಿದ್ದ 2010ರಲ್ಲಿಯೇ, ಭಾರತವೂ ಸೇರಿ 40 ದೇಶಗಳ 274 ಆಸ್ಪತ್ರೆಗಳಲ್ಲಿ 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದ ಪರೀಕ್ಷೆಯೊಂದರ ಫಲ ಪ್ರಕಟವಾಯಿತು. ಟ್ರಾನೆಕ್ಸಾಮಿಕ್ ಆಮ್ಲವೆಂಬ ಹಳೆಯ, ಅಗ್ಗದ ಔಷಧ ಸಾವನ್ನು ನೂರಕ್ಕೆ 16ರಿಂದ 14.5ಕ್ಕೆ ಇಳಿಸಿತ್ತು. ಇದು ಒತ್ತಡವನ್ನು ಏರಿಸುವುದಿಲ್ಲ. ದೇಹ ಇಟ್ಟ ಬಿರಡೆ ಕರಗದಂತೆ ಕಾಯುತ್ತದೆ. ಪೆಟ್ಟಾದ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಗುಣ. ತಡವಾದರೆ ಕೇಡೂ ಉಂಟು. ಬಡವನಹಳ್ಳಿಯ ದಾರಿಯಲ್ಲಿ ಮೂರು ಗಂಟೆಯೆಂದರೆ ದೀರ್ಘಕಾಲವೇನಲ್ಲ.

ಆ ದಾರಿಯ ಮೊದಲ ಹತ್ತು ನಿಮಿಷಗಳು ಯಾವ ವೈದ್ಯನಿಗೂ ಸೇರಿದವಲ್ಲ, ಓಡಿಬಂದವರಿಗೆ ಸೇರಿದವು. 2016ರ ಫೆಬ್ರವರಿ 16ರಂದು ತುಮಕೂರು ರಸ್ತೆಯಲ್ಲಿ, ನೆಲಮಂಗಲದ ಸಮೀಪ, ಲಾರಿಗೆ ಸಿಕ್ಕಿ ದೇಹ ತುಂಡಾದರೂ ತನ್ನ ಅಂಗಗಳನ್ನು ದಾನಮಾಡಿರೆಂದು ಕೇಳಿಕೊಂಡ ಹರೀಶ್ ನಂಜಪ್ಪನ ಸುದ್ದಿಯನ್ನು ಓದಿ ಕಣ್ಣೊರೆಸಿಕೊಳ್ಳದವರಿಲ್ಲ. ಅವನ ಹೆಸರಿನಲ್ಲಿಯೇ ರಾಜ್ಯಸರ್ಕಾರ ಆ ವರ್ಷ, ಅಪಘಾತದ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಕೊಡಿಸುವ ಯೋಜನೆಯನ್ನು ಜಾರಿಗೆ ತಂದಿತು. ಹಣದ ಭಯ ಒಂದು. ಪೋಲೀಸರ ಭಯ ಇನ್ನೊಂದು. ಗಾಯಾಳುವಿಗೆ ನೆರವಾದವನನ್ನು ಪೀಡಿಸಬಾರದೆಂದು ಕಾನೂನಿನ ರಕ್ಷಣೆಯೂ ಈಗ ಇದೆ. ಹೊರಗೆ ರಕ್ತ ಹರಿಯುತ್ತಿದ್ದರೆ ಒಗೆದ ಪಂಚೆಯನ್ನೋ ಟವಲನ್ನೋ ಮಡಿಸಿ ಗಾಯದ ಮೇಲಿಟ್ಟು, ಎರಡು ಕೈಯಿಂದ ಬಲವಾಗಿ ಒತ್ತಿಹಿಡಿಯಬೇಕು. ನಿಂತಿತೇ ಎಂದು ಕ್ಷಣಕ್ಕೊಮ್ಮೆ ಎತ್ತಿ ನೋಡಬಾರದು. ಕೂರಿಸಬಾರದು, ಕುತ್ತಿಗೆಯನ್ನು ಹೊರಳಿಸದೆ ಮಟ್ಟಸವಾಗಿ ಮಲಗಿಸಿ, ಕಂಬಳಿ ಹೊದಿಸಬೇಕು, ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟದು. ಎಷ್ಟು ಬಾಯಾರಿಕೆಯೆಂದರೂ ನೀರು ಕುಡಿಸಬಾರದು. ಶಾಕಿನಲ್ಲಿರುವವನು ನೀರನ್ನೇ ಬೇಡುತ್ತಾನೆ. ಕೊಡದೆ ಇರುವುದು ಕೊಡುವುದಕ್ಕಿಂತ ಕಷ್ಟ.

ಗಾಢ ಉಪ್ಪುನೀರು ಎಲ್ಲಿ ಹೋಯಿತು? ರಸ್ತೆಯಲ್ಲಿ ಸೋತದ್ದು ಆಸ್ಪತ್ರೆಯ ಒಳಕೋಣೆಯಲ್ಲಿ ನೆಲೆ ಕಂಡುಕೊಂಡಿತು. 1919ರಲ್ಲಿಯೇ ಅಮೆರಿಕದ ವೀಡ್ ಮತ್ತು ಮೆಕಿಬ್ಬೆನ್ ಎಂಬವರು ಬೆಕ್ಕುಗಳ ನಾಳಕ್ಕೆ ಗಾಢ ಉಪ್ಪುನೀರನ್ನು ಬಿಟ್ಟು, ಮಿದುಳು ಕುಗ್ಗುವುದನ್ನು ಕಣ್ಣಾರೆ ಕಂಡಿದ್ದರು. ತಲೆಬುರುಡೆ ಕರಟದಂಥದು, ಹಿಗ್ಗಲಾರದು. ಪೆಟ್ಟುಬಿದ್ದ ಮಿದುಳು ಊದಿಕೊಂಡರೆ ತನ್ನನ್ನು ತಾನೇ ಹಿಸುಕಿಕೊಳ್ಳುತ್ತದೆ. ಆಗ ಉಪ್ಪು ಅದರ ನೀರನ್ನು ಸೆಳೆದು ಹೊತ್ತು ಗಳಿಸಿಕೊಡುತ್ತದೆ. ಇದೇ ಕೆಲಸಕ್ಕೆ ಬಳಸುವ ಮ್ಯಾನಿಟಾಲ್ ಮೂತ್ರವನ್ನು ಹೆಚ್ಚಿಸಿ ರಕ್ತದೊತ್ತಡವನ್ನು ಇಳಿಸಬಲ್ಲುದು. ಉಪ್ಪಿಗೆ ಆ ದೋಷವಿಲ್ಲ. ಆದ್ದರಿಂದ ತಲೆಗೂ ಪೆಟ್ಟು, ರಕ್ತವೂ ಕಡಿಮೆ ಎಂಬವರಲ್ಲಿ ವೈದ್ಯರು ಉಪ್ಪಿನ ಕಡೆಗೆ ವಾಲುವುದುಂಟು; ಅದರಿಂದ ಹೆಚ್ಚು ಜೀವಗಳು ಉಳಿಯುತ್ತವೆಂಬುದಕ್ಕೆ ಮಾತ್ರ ಪುರಾವೆ ಇನ್ನೂ ಸಿಕ್ಕಿಲ್ಲ. ರಕ್ತದಲ್ಲಿ ಸೋಡಿಯಂ ತೀರ ಇಳಿದು ಸೆಳವು ಬಂದ ರೋಗಿಗಳಿಗೂ ಇದು ಬೇಕಾಗುತ್ತದೆ. ಅಲ್ಲಿಯೂ ಅವಸರ ಸಲ್ಲದು. ಕಡಿಮೆಯಾದದ್ದನ್ನು ಒಮ್ಮೆಗೇ ಏರಿಸಿದರೆ ಮಿದುಳಿನ ಕಾಂಡಕ್ಕೇ ಘಾಸಿಯಾಗುತ್ತದೆ.

ಹೀಗೆ ಬಳಸುವುದು ಲೀಟರಿಗೆ 75 ಗ್ರಾಮಿನದನ್ನಲ್ಲ, ಬಹುಮಟ್ಟಿಗೆ 30 ಗ್ರಾಮಿನದನ್ನು. ತುಮಕೂರಿನಿಂದ, ಚಿತ್ರದುರ್ಗದಿಂದ, ಇನ್ನೂ ದೂರದ ಜಿಲ್ಲೆಗಳಿಂದ ತಲೆಗೆ ಪೆಟ್ಟಾದವರನ್ನು ಹೊತ್ತ ಆಂಬುಲೆನ್ಸುಗಳು ರಾತ್ರಿಯೆಲ್ಲ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸಿನ ಬಾಗಿಲಿಗೆ ಬರುತ್ತವೆ. ಅಂಥ ಆಸ್ಪತ್ರೆಗಳ ತೀವ್ರ ನಿಗಾ ಕೋಣೆಯಲ್ಲಿ ಈ ಬುಡ್ಡಿಗೆ ಜಾಗವಿದೆ. ನೋಡುವುದಕ್ಕೆ ಅದೂ ಸಾಮಾನ್ಯ ಸಲೈನಿನಂತೆಯೇ ತಿಳಿಯಾಗಿರುವುದರಿಂದ, ಅವಸರದಲ್ಲಿ ಒಂದರ ಬದಲು ಇನ್ನೊಂದು ಕೈಗೆ ಬಾರದಿರಲೆಂದು ದಾದಿಯರು ಅದನ್ನು ಬೇರೆ ಕಪಾಟಿನಲ್ಲಿ, ಬೇರೆ ಚೀಟಿ ಅಂಟಿಸಿ ಇಡುತ್ತಾರೆ.